ಗದ್ದೆಯ ನೀರೂ ಕೊಕ್ಕರೆಯ ಮನೆಯೇ



ಮುಲ್ಲಪೆರಿಯಾರ್ ನೀರು ಬಿಟ್ಟು ಕಂಬಂ ಕಣಿವೆಯಲ್ಲಿ ಉಳುಮೆ ಶುರುವಾದರೆ ಟ್ರ್ಯಾಕ್ಟರಿನ ಹಿಂದೆಯೇ ಬೆಳ್ಳಕ್ಕಿಗಳ ಸಾಲು ಬರುತ್ತದೆ. ನಮ್ಮ ಮನೆಗಳಲ್ಲಿ ಉದ್ದ ಕಾಲಿನ ಹಕ್ಕಿಗೆಲ್ಲ ಕೊಕ್ಕರೆ ಎಂದೇ ಹೆಸರು. ನಿಜವಾದ ಕ್ರೌಂಚ ಪಕ್ಷಿ ಬೇರೆ. ಅದರಲ್ಲಿ ದೊಡ್ಡದಾದ ಸಾರಸ ಸುಮಾರು ಆರಡಿ ಎತ್ತರ. ಉತ್ತರ ಪ್ರದೇಶದ ಬಯಲಿನಲ್ಲಿ ಹೆಚ್ಚು, ನಮ್ಮ ಕಡೆ ಇಲ್ಲ. ಆದರೂ ಅದರ ಕಥೆ ನಮಗೆ ಸಂಬಂಧಿಸಿದ್ದೇ. ಜೌಗು ನೆಲ ಬತ್ತಿದ ಕಡೆ ಸಾರಸ ಭತ್ತದ ಗದ್ದೆಯ ನಡುವೆಯೇ ಹುಲ್ಲು ಗುಡ್ಡೆ ಹಾಕಿ ಮೊಟ್ಟೆ ಇಡುತ್ತದೆ. ಆ ಗದ್ದೆಯವರು ಒಂದಿಷ್ಟು ಪೈರು ಹೋಗಲಿ ಎಂದು ಸುಮ್ಮನಿದ್ದುದರಿಂದಲೇ ಅಲ್ಲಿ ಅದರ ಸಂತಾನ ಉಳಿದಿದೆ.

ಅದಕ್ಕೆ ಸಾವು ತಂದದ್ದೂ ಹೊಲವೇ. 1980ರ ದಶಕದ ಕೊನೆಯಲ್ಲಿ ರಾಜಸ್ಥಾನದ ಭರತಪುರ ಪಕ್ಷಿಧಾಮದಲ್ಲಿ ಸಾರಸಗಳು ಸತ್ತು ಬಿದ್ದವು. ಪರೀಕ್ಷಿಸಿದಾಗ ಕಂಡದ್ದು ಸುತ್ತಲಿನ ಹೊಲಗಳಿಗೆ ಹಾಕಿದ್ದ ಆಲ್ಡ್ರಿನ್ ಎಂಬ ಕೀಟನಾಶಕ. ಮುಂದೆ ಅದನ್ನು ನಮ್ಮ ದೇಶದಲ್ಲಿ ನಿಷೇಧಿಸಿದರು. ಅಂಗಡಿಯ ಕಪಾಟು ಮಾತ್ರ ಬರಿದಾಗಲಿಲ್ಲ!

ಭತ್ತದ ಗದ್ದೆಯೂ ಒಂದು ಜೌಗು ಪ್ರದೇಶವೇ ಎಂದು 2008ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದ ರಾಮ್ಸಾರ್ ಒಪ್ಪಂದದ ರಾಷ್ಟ್ರಗಳ ಸಭೆ ಒಪ್ಪಿ ನಿರ್ಣಯ ಮಾಡಿತು. ಕಂಬಂ ಕಣಿವೆಯಲ್ಲಿ ಎರಡು ಬೆಳೆಯ ಗದ್ದೆ 14,707 ಎಕರೆ. ಇಷ್ಟು ದೊಡ್ಡ ಜೌಗು ನೆಲ ನಮ್ಮ ರೈತರ ಕೈಯಲ್ಲೇ ಇದೆ. ಅದೇ ಪೆರಿಯಾರ್ ನೀರು ಕಣಿವೆಯ ಊರುಗಳ ಕುಡಿಯುವ ನೀರೂ ಹೌದು. ಸಿಂಪರಣೆ ಮುಗಿಸಿ ಡಬ್ಬವನ್ನು ಕಾಲುವೆಯಲ್ಲಿ ತೊಳೆದರೆ ಬೆಳ್ಳಕ್ಕಿ ತಿನ್ನುವ ಕಪ್ಪೆಗೂ, ಕೆಳಗಿನ ಊರಿನ ಕೊಡಕ್ಕೂ ಒಂದೇ ವಿಷ ಹೋಗುತ್ತದೆ.

ನಮ್ಮ ಕನ್ನಡ ನಾಡಿನಲ್ಲೇ ಒಂದು ಊರಿದೆ: ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿಯದೂ ಕ್ರೌಂಚವಲ್ಲ, ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ. ಮನೆಯ ಮುಂದಿನ ಹುಣಸೆ ಮರಗಳಲ್ಲಿ ಅವು ಗೂಡು ಕಟ್ಟಿದರೆ ಜನ ಕಾಯಿ ಬಡಿಯುವುದಿಲ್ಲ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಆ ಮೇಲೆ ಅರಣ್ಯ ಇಲಾಖೆ ಹುಣಸೆಯ ನಷ್ಟಕ್ಕೆ ಪರಿಹಾರ ಕೊಡಲಾರಂಭಿಸಿತು. ಹಕ್ಕಿ ಎಲ್ಲರದು, ನಷ್ಟ ಮಾತ್ರ ಮರದವನದು ಎಂದರೆ ಯಾರು ಒಪ್ಪುತ್ತಾರೆ? ಸರ್ಕಾರ ತನ್ನ ಪಾಲು ಹೊರಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಮರ ಉಳಿದರೂ ನೀರು ಕೆಟ್ಟರೆ ಪ್ರಯೋಜನವಿಲ್ಲ. 2017-18ರಲ್ಲಿ ಅದೇ ಊರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಕಾರಣ, ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳುಗಳು.

ಕಾಲುವೆ ಶುದ್ಧವಾಗಿಡಲು ಪರಿಹಾರದ ಅರ್ಜಿ ಬೇಕಿಲ್ಲ. ಡಬ್ಬ ತೊಳೆದ ನೀರನ್ನು ಮದ್ದು ಹೊಡೆದ ಗದ್ದೆಗೇ ಸಿಂಪಡಿಸಿರಿ. ಔಷಧಿ ಹಾಕಿದ ಗದ್ದೆಯ ನೀರನ್ನು ಕೆಲವು ದಿನ ಹೊರಬಿಡದೆ ಬದು ಕಟ್ಟಿರಿ. ಖಾಲಿ ಡಬ್ಬಗಳನ್ನು ಅಡುಗೆ ಮನೆಗೆ ತರಲೇಬೇಡಿರಿ. ಗದ್ದೆಯಲ್ಲಿ ಹಕ್ಕಿಯೋ ಮೀನೋ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬಾರದು, ಸಾರಿಗಂತೂ ಹಾಕಲೇಬಾರದು. ಆ ವಾರ ಯಾರು ಯಾವ ಮದ್ದು ಹೊಡೆದರು ಎಂದು ಅಕ್ಕಪಕ್ಕದ ಗದ್ದೆಯವರನ್ನು ಕೇಳಿ, ಕೃಷಿ ಇಲಾಖೆಯವರಿಗೆ ತಿಳಿಸಿರಿ.