ತೇವಮಾಪಕ ಯಂತ್ರದ ನಿದ್ರೆಯೂ ತೋಟದ ನೀರೂ

ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಯ ನೀರನ್ನೇ ನಂಬಿ ನಿಂತಿರುವುವು. ಐದಾರು ವರ್ಷ ಸಾಕಿದ ಮೇಲೆ ಫಲಕ್ಕೆ ಬರುವ ಮರವು ಒಂದು ಬೇಸಗೆಯಲ್ಲಿ ಒಣಗಿದರೆ ಅದರ ನಷ್ಟವು ಒಂದು ಫಸಲಿನೊಡನೆ ತೀರತಕ್ಕದ್ದಲ್ಲ. ಆ ಭಯದಿಂದ ಬುಡಕ್ಕೆ ಮಿತಿಮೀರಿ ನೀರು ಹಾಯಿಸಿದರೋ, ಬಾವಿಯೇ ಬೇಗ ಬತ್ತುವುದು. ಆದುದರಿಂದ ಮಣ್ಣಿನ ತೇವವನ್ನಳೆದು ತಿಳಿಸುವ ಪುಟ್ಟ ಯಂತ್ರಗಳು ಉಪಯುಕ್ತವಾದುವೇ ಸರಿ. ಆದರೆ ತೋಟದ ನಡುವೆ ಬ್ಯಾಟರಿಯಿಂದ ನಡೆಯುವ ಯಂತ್ರವು ನಡುಬೇಸಗೆಯಲ್ಲಿ ನಿಂತುಹೋದರೆ ಅದಕ್ಕೆ ಕೊಟ್ಟ ಹಣವು ವ್ಯರ್ಥವೇ ಅಲ್ಲವೆ?

ಇಂತಹ ಯಂತ್ರವನ್ನು ನಡೆಸುವುದು ಮೈಕ್ರೋಕಂಟ್ರೋಲರ್ ಎಂಬ ಚಿಪ್. ವಿಶೇಷವಾಗಿ ಬಳಕೆಯಲ್ಲಿರುವ ಇಎಸ್‌ಪಿ 32 ಎಂಬುದನ್ನೇ ನೋಡಬಹುದು. ವೈಫೈ ಮೂಲಕ ವರದಿ ಕಳುಹಿಸುವಾಗ ಅದು 100 ಮಿಲಿಆಂಪಿಯರ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ತನ್ನು ಸೆಳೆಯುವುದು; ಗಾಢನಿದ್ರಾಸ್ಥಿತಿಯಲ್ಲಿ ಸುಮಾರು 10 ಮೈಕ್ರೋಆಂಪಿಯರ್ ಮಾತ್ರ, ಅಂದರೆ ಹತ್ತುಸಾವಿರದಲ್ಲಿ ಒಂದು ಪಾಲು. 2000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯು, ಚಿಪ್ ಸದಾ ಎಚ್ಚತ್ತಿದ್ದರೆ, 20 ಗಂಟೆಗಳಲ್ಲಿ ಬರಿದಾಗುವುದು. ಗಂಟೆಗೊಮ್ಮೆ 5 ಸೆಕೆಂಡು ಮಾತ್ರ ಎಚ್ಚತ್ತು ಮತ್ತೆ ಮಲಗಿದರೆ ಅದೇ ಬ್ಯಾಟರಿಯು ಲೆಕ್ಕದ ಪ್ರಕಾರ ಒಂದು ವರ್ಷಕ್ಕೂ ಮೇಲ್ಪಟ್ಟು ಬಾಳುವುದು.

ಮಾರಾಟಗಾರರು ಕೊಂಡಾಡುವುದು ಈ ಲೆಕ್ಕವನ್ನೇ. ಆದರೆ ನಿದ್ರಿಸುವುದು ಚಿಪ್ ಮಾತ್ರ. ಅದನ್ನು ಹೊತ್ತ ಹಲಗೆಯ ಇತರ ಭಾಗಗಳಲ್ಲ. ಅಗ್ಗದ ಹಲಗೆಗಳಲ್ಲಿರುವ ಎಎಂಎಸ್ 1117 ಎಂಬ ವೋಲ್ಟೇಜ್ ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆಂಪಿಯರನ್ನು ಹಗಲಿರುಳೂ ನುಂಗುವುದು. ಆಗ ವರ್ಷದ ಲೆಕ್ಕವು 16 ದಿನಗಳಿಗೆ ಇಳಿಯುವುದು. ತೂಬನ್ನು ಭದ್ರವಾಗಿ ಮುಚ್ಚಿದ್ದರೂ ಏರಿಯ ಇಲಿಬಿಲದಿಂದ ಕೆರೆಯ ನೀರೆಲ್ಲ ಸೋರಿಹೋದಂತೆಯೇ ಇದು.

ಈ ಸೋರಿಕೆಯನ್ನು ತಡೆಯುವುದು ಕಷ್ಟವಲ್ಲ. ನಿಂತಲ್ಲೇ ಕಡಮೆ ವಿದ್ಯುತ್ತನ್ನು ಸೆಳೆಯುವ ರೆಗ್ಯುಲೇಟರನ್ನು ಹಾಕಬೇಕು. ಸದಾ ಉರಿಯುವ ಸೂಚಕ ದೀಪವನ್ನು ತೆಗೆಯಬೇಕು. ತೇವವನ್ನರಿಯುವ ಕಡ್ಡಿಗೆ ಅಳೆಯುವ ಕ್ಷಣದಲ್ಲಿ ಮಾತ್ರ ವಿದ್ಯುತ್ತು ಹರಿಯುವಂತೆ ಮಾಡಬೇಕು. ಮಣ್ಣಿನ ತೇವವು ನಿಮಿಷಗಳಲ್ಲಿ ಬದಲಾಗತಕ್ಕದ್ದಲ್ಲವಾದುದರಿಂದ ದಿನಕ್ಕೆ ನಾಲ್ಕು ಬಾರಿಯ ಅಳತೆಯು ಸಾಮಾನ್ಯವಾಗಿ ಸಾಕು. ನೀರು ಹಾಯುವ ವೇಳೆಯಲ್ಲಿ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಅಳೆದರೆ ಒಳಿತು.

ಸೌರಫಲಕವೊಂದನ್ನು ಜೋಡಿಸಿದರೆ ಈ ಚಿಂತೆಯೇ ಇಲ್ಲವೆಂದು ಕೆಲವರು ಹೇಳಬಹುದು. ಬಯಲು ಹೊಲದಲ್ಲಿ ಆ ಮಾತು ನಿಜವೇ. ಬೆಳೆದ ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಫಲಕಕ್ಕೆ ಬಿಸಿಲೆಲ್ಲಿಯದು? ಸೋರುವ ಯಂತ್ರಕ್ಕೆ ದೊಡ್ಡ ಫಲಕವನ್ನು ಕಟ್ಟುವುದು ತೂತು ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ.

ಆದುದರಿಂದ ಕೊಳ್ಳುವವರು ಕೇಳತಕ್ಕ ಮುಖ್ಯ ಪ್ರಶ್ನೆಯೊಂದುಂಟು: ನಿದ್ರೆಯಲ್ಲಿ ಚಿಪ್ ಎಷ್ಟು ಸೆಳೆಯುವುದೆಂದಲ್ಲ, ಇಡೀ ಯಂತ್ರವು ಎಷ್ಟು ಸೆಳೆಯುವುದೆಂದು. ಬ್ಯಾಟರಿಯ ತಂತಿಯ ನಡುವೆ ಮಲ್ಟಿಮೀಟರನ್ನು ಸೇರಿಸಿ ಇದನ್ನು ಎದುರಿನಲ್ಲೇ ಅಳೆದು ತೋರಿಸಬಹುದು. ಕಸಬಾ, ರಾಮಗಿರಿ, ತಾಳ್ಯ, ಬಿ. ದುರ್ಗ ಹೋಬಳಿಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ಇಂತಹ ಯಂತ್ರಗಳ ಮಾದರಿಗಳನ್ನು ರೈತರ ಸಮ್ಮುಖದಲ್ಲಿ ಪರೀಕ್ಷಿಸುವುದು ಯುಕ್ತ. ಸಹಾಯಧನದಿಂದ ಯಂತ್ರ ಕೊಡುವುದಾದರೆ ಈ ಅಳತೆಯನ್ನು ಪೆಟ್ಟಿಗೆಯ ಮೇಲೆ ಬರೆಯುವುದನ್ನು ಕಡ್ಡಾಯಗೊಳಿಸತಕ್ಕದ್ದು. ಯಂತ್ರವು ಎಚ್ಚತ್ತಾಗ ಮಾಡುವ ಕೆಲಸವನ್ನು ಎಲ್ಲರೂ ನೋಡುವರು. ಅದು ಮಲಗಿದಾಗ ಮಾಡುವ ವೆಚ್ಚವನ್ನೂ ನೋಡಿ ಕೊಂಡವನ ತೋಟಕ್ಕೆ ಬೇಸಗೆಯಲ್ಲಿ ಸಕಾಲಕ್ಕೆ ನೀರು ದೊರೆಯುವುದು.