ನಮ್ಮ ಗೋಡೆಗಳ ಮೇಲೆ ಏನಿದೆ?

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಮೂರು ದಿನಗಳ ಚಿತ್ರಪ್ರದರ್ಶನ ನಡೆಯಿತು. ಊರು ಬಿಟ್ಟು ಮುಂಬಯಿಗೆ ಬಂದು ಹತ್ತು ವರ್ಷಗಳಿಂದ ಕುಂಚವನ್ನೇ ನಂಬಿ ಬದುಕುತ್ತಿರುವ ಕನ್ನಡದ ತರುಣನೊಬ್ಬನ 24 ಜಲವರ್ಣ ಚಿತ್ರಗಳು ಅಲ್ಲಿದ್ದವು. ಅವನ್ನು ನಮ್ಮಲ್ಲಿಗೆ ತಂದವರು ಸ್ಟೇಷನ್ನಿನ ಪೂರ್ವಕ್ಕೆ ಚೌಕಟ್ಟು ಹಾಕುವ ಅಂಗಡಿ ಇಟ್ಟು, ಅದರ ಹಿಂದಿನ ಕೋಣೆಯಲ್ಲಿ ಪುಟ್ಟದೊಂದು ಗ್ಯಾಲರಿ ನಡೆಸುತ್ತಿರುವ ಹಿರಿಯರು. ಉದ್ಘಾಟನೆ ಸಾಂಗವಾಗಿ ನೆರವೇರಿತು. ದೀಪ ಹಚ್ಚಿದೆವು, ಶಾಲು ಹೊದೆಸಿದೆವು, ‘ಕನ್ನಡಿಗರ ಹೆಮ್ಮೆ’ ಎಂದು ನಾಲ್ಕು ಭಾಷಣ ಮಾಡಿದೆವು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲವೂ ರುಚಿಯಾಗಿದ್ದವು. ಚಿತ್ರಗಳ ಬೆಲೆ ನಾಲ್ಕು ಸಾವಿರ ರೂಪಾಯಿಯಿಂದ ಹದಿನೆಂಟು ಸಾವಿರದವರೆಗೆ ಇತ್ತು. ಮೂರು ದಿನಗಳಲ್ಲಿ ಮಾರಾಟವಾದ ಚಿತ್ರಗಳ ಸಂಖ್ಯೆ: ಸೊನ್ನೆ. ನಾಲ್ಕನೆಯ ದಿನ ಬೆಳಿಗ್ಗೆ ಆ ಹುಡುಗ 24 ಚಿತ್ರಗಳನ್ನೂ ಹಳೆಯ ಬೆಡ್‌ಶೀಟುಗಳಲ್ಲಿ ಸುತ್ತಿ ಟೆಂಪೊಗೆ ಏರಿಸಿಕೊಂಡು ಹೋದ.

ಅಂದಿನ ಶಾಲು, ಹಾರ, ಸ್ಮರಣಿಕೆಗಳ ಲೆಕ್ಕ ಆಮೇಲೆ ನಮ್ಮ ಕೈಗೆ ಬಂತು. ಆ ಮೊತ್ತದಲ್ಲಿ ಅಲ್ಲಿದ್ದ ಎರಡು ಚಿತ್ರಗಳನ್ನು ಕೊಳ್ಳಬಹುದಿತ್ತು! ಈ ಲೇಖನದಲ್ಲಿ ನಾವು ಯಾರನ್ನಾದರೂ ಬೈದರೆ ಮೊದಲು ಬೈದುಕೊಳ್ಳುವುದು ನಮ್ಮನ್ನೇ ಎಂದು ಓದುಗರು ತಿಳಿಯಬೇಕು.

ನಮ್ಮವರ ಮನೆಗಳಿಗೆ ನಾವು ಹೋಗುತ್ತಿರುತ್ತೇವೆ. ಚಾಳಿನ ಒಂದು ಖೋಲಿಯಿಂದ ಹೊರಟವರು ಇಂದು ಮುಲುಂಡ್, ಠಾಣೆ, ಡೊಂಬಿವಲಿಗಳಲ್ಲಿ ಎರಡು ಮೂರು ಕೋಣೆಗಳ ಫ್ಲ್ಯಾಟು ಮಾಡಿಕೊಂಡಿದ್ದಾರೆ, ಸಂತೋಷ. ಫಾಲ್ಸ್ ಸೀಲಿಂಗಿಗೆ ಲಕ್ಷ, ಟಿ.ವಿ. ಇಡುವ ಕಪಾಟಿಗೆ ಅರ್ಧ ಲಕ್ಷ. ಆದರೆ ಗೋಡೆಯ ಮೇಲೆ? ಬ್ಯಾಂಕಿನವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು, ಇಲ್ಲವೇ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚಾದ ಏಳು ಕುದುರೆಗಳು. ದೇವರ ಪಟದ ಮಾತು ಬೇರೆ, ಅದನ್ನು ನಾವು ಎತ್ತುವುದಿಲ್ಲ. ಮನುಷ್ಯನೊಬ್ಬ ಕೂತು, ನೋಡಿ, ಕೈಯಾರೆ ಬರೆದ ಒಂದೇ ಒಂದು ಚಿತ್ರ ಎಷ್ಟು ಮನೆಗಳಲ್ಲಿದೆ? ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರಗಳನ್ನು ಒಂದೊಂದಾಗಿ ನೋಡೋಣ.

‘ನಮಗೆ ಅದೆಲ್ಲ ಎಟುಕುವುದಿಲ್ಲ’ ಎಂಬುದು ಮೊದಲನೆಯದು. ಹರಾಜಿನ ಕೋಟಿಗಳ ಸುದ್ದಿಯನ್ನೇ ಓದುವವರಿಗೆ ಹಾಗನ್ನಿಸುವುದು ಸಹಜ. ಆದರೆ ಚಿಕ್ಕ ಗ್ಯಾಲರಿಯ ಲೋಕ ಬೇರೆ. ಅಲ್ಲಿ ರೇಖಾಚಿತ್ರಗಳುಂಟು, ಪುಟ್ಟ ಜಲವರ್ಣಗಳುಂಟು, ಲಿನೊಕಟ್, ಎಚಿಂಗ್‌ಗಳುಂಟು. ಎಚಿಂಗ್ ಎಂದರೆ ಕಲಾವಿದನೇ ತಾಮ್ರದ ಅಥವಾ ಸತುವಿನ ತಗಡಿನ ಮೇಲೆ ಗೆರೆ ಕೊರೆದು ಅದರಿಂದ ಕೆಲವೇ ಪ್ರತಿಗಳನ್ನು ಒತ್ತಿ ತೆಗೆದದ್ದು. ಕೆಳಗೆ ಪೆನ್ಸಿಲಿನಲ್ಲಿ 5/20 ಎಂದಿದ್ದರೆ ಇಪ್ಪತ್ತರಲ್ಲಿ ಐದನೆಯದು ಎಂದರ್ಥ, ಅದೂ ಮೂಲಕೃತಿಯೇ. ಒಂದು ಕುಟುಂಬ ಹೋಟೆಲಿನಲ್ಲಿ ಎರಡು ಸಲ ಊಟ ಮಾಡುವ ದುಡ್ಡಿಗೆ ಇಂಥದೊಂದು ಸಿಗುವುದುಂಟು. ದೊಡ್ಡದು ಬೇಕಾದರೆ ಕಂತಿನಲ್ಲಿ ಕೊಡಿ. ಪರಿಚಯದ ಅಂಗಡಿಯವರು ಇಲ್ಲವೆನ್ನುವುದು ಅಪರೂಪ.

ಎರಡನೆಯದು, ‘ನಮಗೆ ಚಿತ್ರ ಅರ್ಥವಾಗುವುದಿಲ್ಲ.’ ಅಲ್ಲ ಸ್ವಾಮಿ, ಯಕ್ಷಗಾನವನ್ನು ನಾವೆಲ್ಲ ಯಾವ ಪರೀಕ್ಷೆ ಪಾಸು ಮಾಡಿ ನೋಡಿದೆವು? ಚಾಪೆಯ ಮೇಲೆ ಅರ್ಧ ನಿದ್ದೆಯಲ್ಲಿ ಚೆಂಡೆಯ ಸದ್ದು ಕೇಳುತ್ತ ಕೇಳುತ್ತ ಯಾವ ಭಾಗವತರ ಪದ ಹೇಗೆಂದು ಹೇಳುವಷ್ಟು ಬಲ್ಲವರಾದೆವು. ಕಣ್ಣಿಗೂ ಅದೇ ನಿಯಮ. ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ತೆರೆಯಿತು. ಒಳಗೆ ಹೋಗಲು ಟಿಕೇಟಿಲ್ಲ. ನಮ್ಮಲ್ಲಿ ನಲವತ್ತು ವರ್ಷ ಫೋರ್ಟಿನಲ್ಲಿ ನೌಕರಿ ಮಾಡಿ, ದಿನವೂ ಅದರ ಮುಂದೆಯೇ ನಡೆದು, ಒಮ್ಮೆಯೂ ಮೆಟ್ಟಿಲು ಹತ್ತದೆ ನಿವೃತ್ತರಾದವರಿದ್ದಾರೆ.

ಮೂರನೆಯದು, ‘ಅಚ್ಚಿನ ಪ್ರತಿಯೂ ಹಾಗೇ ಕಾಣುತ್ತದಲ್ಲ?’ ಕಾಣುವುದಿಲ್ಲ. ಭೂತಕನ್ನಡಿ ಹಿಡಿದು ನೋಡಿ: ಅಚ್ಚಿನಲ್ಲಿ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳ ಸಾಲು, ಮೂಲದಲ್ಲಿ ಕುಂಚದ ಓಟ. ಜಲವರ್ಣದಲ್ಲಿ ಬಣ್ಣ ಕಾಗದಕ್ಕೆ ಇಳಿದಿರುತ್ತದೆ. ಬಿಳಿ ಬೇಕಾದಲ್ಲಿ ಕಾಗದವನ್ನೇ ಖಾಲಿ ಬಿಟ್ಟಿರುತ್ತಾರೆ. ಬೆಳಗಿನ ಬೆಳಕಿಗೆ ಒಂದು ತರಹ, ದೀಪದ ಬೆಳಕಿಗೆ ಇನ್ನೊಂದು ತರಹ. ಕ್ಯಾಸೆಟ್ಟು ಎಷ್ಟೇ ಚೆನ್ನಾಗಿದ್ದರೂ ಎದುರು ಕೂತು ಹಾಡುವವರ ಹಾಡು ಬೇರೆಯೇ ಎಂದು ನಾವೇ ಹೇಳುವುದಿಲ್ಲವೇ?

ನಾಲ್ಕನೆಯವರು ಹೆಚ್ಚು ಜಾಣರು. ‘ಇದು ಮುಂದೆ ಎಷ್ಟಾಗುತ್ತದೆ?’ ಎಂದು ಅವರು ಕೇಳುತ್ತಾರೆ. ಹುಸೇನರ ‘ಗ್ರಾಮಯಾತ್ರೆ’ 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋದದ್ದು ಇವರಿಗೆ ಬಾಯಿಪಾಠ. ಆದರೆ ಅದನ್ನು 1954ರಲ್ಲಿ ಕೊಂಡವರು ದೆಹಲಿಗೆ ಕೆಲಸದ ಮೇಲೆ ಬಂದಿದ್ದ ಒಬ್ಬ ವೈದ್ಯರು. ಅವರು ಅದನ್ನು ಮಾರಲಿಲ್ಲ, ಓಸ್ಲೋದ ಆಸ್ಪತ್ರೆಗೆ ಕೊಟ್ಟರು. ಅಲ್ಲಿ ಅದು ದಶಕಗಳ ಕಾಲ ಗೋಡೆಯ ಮೇಲಿತ್ತು. ಒಬ್ಬ ಹುಸೇನರಿಗೆ ಎದುರಾಗಿ ಸಾವಿರಾರು ಮಂದಿ ಒಳ್ಳೆಯ ಚಿತ್ರಕಾರರಿದ್ದಾರೆ, ಅವರ ಕೃತಿಗಳನ್ನು ಮರಳಿ ಕೊಳ್ಳುವವರಿಲ್ಲ. ಲಾಭ ಬೇಕಾದವರು ಬ್ಯಾಂಕಿನಲ್ಲಿ ಠೇವಣಿ ಇಡಲಿ. ದಿನವೂ ಕಣ್ಣ ಮುಂದೆ ಇರಬೇಕೆಂದು ಅನ್ನಿಸಿದ ಚಿತ್ರವನ್ನು ಮಾತ್ರ ಕೊಳ್ಳಬೇಕು.

ಕೊನೆಯ ನೆಪ ಸ್ವಲ್ಪ ಸೂಕ್ಷ್ಮದ್ದು: ‘ಗ್ಯಾಲರಿಯವರು ಕಮಿಷನ್ ತಿನ್ನುತ್ತಾರೆ, ನೇರವಾಗಿ ಕಲಾವಿದನಿಂದಲೇ ಕೊಂಡರೆ ಅವನಿಗೇ ಲಾಭವಲ್ಲವೇ?’ ಬೆಂಗಳೂರಿನ ಚಿತ್ರಸಂತೆಯಲ್ಲಿ ಹಾಗೆ ಕೊಳ್ಳಿ, ಒಳ್ಳೆಯದೇ. ಬೆಲೆಯ ಮೂರನೆಯ ಒಂದಂಶದಿಂದ ಅರ್ಧದವರೆಗೂ ಗ್ಯಾಲರಿಗಳು ಇಟ್ಟುಕೊಳ್ಳುವುದುಂಟು, ಅದೂ ನಿಜ. ಆದರೆ ಆ ಹಣದಲ್ಲಿ ಬಾಡಿಗೆ, ದೀಪ, ಚೌಕಟ್ಟು, ಆಮಂತ್ರಣ ಪತ್ರ ಎಲ್ಲ ನಡೆಯಬೇಕು. ಸಂತೆ ವರ್ಷಕ್ಕೊಮ್ಮೆ, ಅಂಗಡಿ ವರ್ಷವಿಡೀ. ಹೆಸರಿಲ್ಲದ ಹುಡುಗನ ಚಿತ್ರವನ್ನು ಮೊದಲ ಬಾರಿಗೆ ಗೋಡೆಗೆ ಹಾಕುವ ಧೈರ್ಯ ಅವರದು. ಜಹಾಂಗೀರಿನಲ್ಲಿ ಜಾಗಕ್ಕಾಗಿ ವರ್ಷಗಟ್ಟಲೆ ಕಾಯುವ ಹುಡುಗ ಅಷ್ಟರ ತನಕ ಎಲ್ಲಿಗೆ ಹೋಗಬೇಕು? ಗ್ಯಾಲರಿಯಲ್ಲಿ ಚಿತ್ರ ನೋಡಿ, ಕಾಫಿ ಕುಡಿದು, ಮನೆಗೆ ಹೋಗಿ ಕಲಾವಿದನಿಗೆ ಗುಟ್ಟಾಗಿ ಫೋನ್ ಮಾಡಿ ಕಡಿಮೆಗೆ ಕೇಳುವುದು ಮಾತ್ರ ಮರ್ಯಾದಸ್ಥರ ಕೆಲಸವಲ್ಲ.

ಈ ನಗರದ ಕಲೆ ಬೆಳೆದದ್ದೇ ಇಂಥ ಅಂಗಡಿಗಳಿಂದ. 1940ರ ದಶಕದಲ್ಲಿ ಕೇಕೂ ಗಾಂಧಿಯವರು ಮಾಡುತ್ತಿದ್ದುದು ಚೌಕಟ್ಟಿನ ವ್ಯಾಪಾರ. ಆ ಅಂಗಡಿಯಲ್ಲೇ ಅವರು ಅಂದಿನ ತರುಣರ ಚಿತ್ರಗಳನ್ನು ತೂಗು ಹಾಕತೊಡಗಿದರು. ಅವರ ಗ್ಯಾಲರಿ ಕೆಮೋಲ್ಡ್ ಜಹಾಂಗೀರಿನ ಮಹಡಿಯಲ್ಲಿ ಆರಂಭವಾದದ್ದು 1963ರಲ್ಲಿ. ಹಿಟ್ಲರನ ಕಾಲದ ಯುರೋಪಿನಿಂದ ಪಾರಾಗಿ ಬಂದ ಶ್ಲೆಸಿಂಗರ್, ಫಾನ್ ಲೈಡನ್ ಮೊದಲಾದವರು ಇಲ್ಲಿನ ಯುವಕರ ಚಿತ್ರಗಳನ್ನು, ಯಾರೂ ಕೇಳುವವರಿಲ್ಲದ ಕಾಲದಲ್ಲಿ, ಕೈಯಿಂದ ಹಣ ಕೊಟ್ಟು ಕೊಂಡರು. ಹೊಟ್ಟೆಪಾಡಿಗೆ ಪರವೂರಿಗೆ ಬಂದವರೇ ಅವರೂ. ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗಲಿಲ್ಲ?

ನಮ್ಮ ಹೆಬ್ಬಾರರ ವಿಷಯವನ್ನೇ ತೆಗೆದುಕೊಳ್ಳಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1989ರಲ್ಲಿ ಪದ್ಮಭೂಷಣ ಪಡೆದು, 1996ರಲ್ಲಿ ತೀರಿಕೊಳ್ಳುವವರೆಗೂ ಇದೇ ಮುಂಬಯಿಯಲ್ಲಿ ಬಾಳಿದವರು. ನಾಲ್ಕು ಗೆರೆಗಳಲ್ಲಿ ಕುಣಿಯುವವರ ಮೈಯ ಲಯವನ್ನು ಹಿಡಿದುಬಿಡುತ್ತಿದ್ದ ಕೈ ಅದು. ಪ್ರತಿ ರಾಜ್ಯೋತ್ಸವದ ಭಾಷಣದಲ್ಲೂ ಅವರ ಹೆಸರು ಹೇಳುತ್ತೇವೆ. ಅವರು ನಮ್ಮ ನಡುವೆಯೇ ಇದ್ದಾಗ ಅವರದೊಂದು ರೇಖಾಚಿತ್ರವನ್ನಾದರೂ ಕೊಂಡ ಮನೆತನಗಳು ನಮ್ಮಲ್ಲಿ ಎಷ್ಟಿವೆ ಎಂದು ಕೈ ಎತ್ತಿಸಿದರೆ ಸಭೆಯ ಮಾನ ಉಳಿಯುವುದೇ? ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಾವು ಮೂರು ಮಾತು ಇಡುತ್ತೇವೆ. ಅತಿಥಿಗಳಿಗೆ ಪ್ಲಾಸ್ಟಿಕ್ ಸ್ಮರಣಿಕೆ ಕೊಡುವುದನ್ನು ನಿಲ್ಲಿಸಿ, ಸಣ್ಣದೊಂದು ಮೂಲಚಿತ್ರ ಕೊಡಲಿ. ಸಂಘ ವರ್ಷಕ್ಕೊಂದು ಚಿತ್ರ ಕೊಂಡು ಸಭಾಗೃಹದಲ್ಲಿ ಹಾಕಲಿ. ಸದಸ್ಯರು ಗೃಹಪ್ರವೇಶಕ್ಕೆ, ಮದುವೆಗೆ ಗೋಡೆ ಗಡಿಯಾರದ ಬದಲು ಎಚಿಂಗ್ ಒಂದನ್ನು ಒಯ್ಯಲಿ. ಕೊಳ್ಳುವಾಗ ಕಲಾವಿದನ ಹೆಸರು, ವರ್ಷ, ಮಾಧ್ಯಮ, ಅಳತೆ ಬರೆದ ರಸೀದಿ ಕೇಳಿ ಪಡೆಯಿರಿ. ನೇರ ಬಿಸಿಲು ಬೀಳುವ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆ ಬೇಡ. ಕಾಗದ ಗಾಜಿಗೆ ಅಂಟದಂತೆ ನಡುವೆ ಅಂತರ ಬಿಡಿಸಿ. ಚೌಕಟ್ಟಿನ ಹಿಂದೆ ಗಾಳಿಯಾಡಲು ಬೆಂಡಿನ ಎರಡು ತುಂಡು ಅಂಟಿಸಿದರೆ ಬೂಷ್ಟಿನ ಕಾಟ ಕಡಿಮೆ.

ಬರೇ ಉಪದೇಶವಾಗಬಾರದೆಂದು ಸಂಪಾದಕ ಮಂಡಳಿಯ ನಾವು ನಾಲ್ವರು ಹೋದ ಭಾನುವಾರ ಆ ಚೌಕಟ್ಟಿನ ಅಂಗಡಿಗೆ ಹೋದೆವು. ಮಾರ್ಚಿಗೆ ಬಾಡಿಗೆ ಕರಾರು ಮುಗಿಯುತ್ತದೆಯಂತೆ, ಹಿಂದಿನ ಕೋಣೆಯನ್ನು ಮೊಬೈಲ್ ರಿಪೇರಿಯವರು ಕೇಳುತ್ತಿದ್ದಾರಂತೆ. ‘ಚೌಕಟ್ಟಿನಿಂದ ಹೊಟ್ಟೆ ತುಂಬುತ್ತದೆ, ಚಿತ್ರಗಳಿಗಾಗಿ ಆ ಕೋಣೆ ಇಟ್ಟಿದ್ದೆ’ ಎಂದರು ಹಿರಿಯರು. ಮಳೆಯಲ್ಲಿ ನೆನೆದ ಪ್ಲಾಟ್‌ಫಾರ್ಮಿನಲ್ಲಿ ಬುಟ್ಟಿ ಇಳಿಸಿ ಕೂತ ಮೀನಿನ ಹೆಂಗಸರ ಚಿತ್ರವನ್ನು ಆರು ಸಾವಿರಕ್ಕೆ, ಮೂರು ಕಂತಿನಲ್ಲಿ, ಚೌಕಾಸಿ ಮಾಡದೆ ಕೊಂಡೆವು. ಅದೀಗ ನಮ್ಮ ವಾಚನಾಲಯದಲ್ಲಿ, ಪತ್ರಿಕೆಗಳ ಮೇಜಿನ ಎದುರಿಗಿದೆ. ಬಂದು ನೋಡಿ. ಉಳಿದ 23 ಚಿತ್ರಗಳು ಅಂಗಡಿಯಲ್ಲೇ ಇವೆ; ರಾತ್ರಿ ಎಂಟರವರೆಗೆ ಬಾಗಿಲು ತೆರೆದಿರುತ್ತದೆ.