ಗಣಕಯಂತ್ರ ತನ್ನ ವಿಳಾಸವನ್ನು ಎಲ್ಲಿ ಬರೆದಿಟ್ಟುಕೊಳ್ಳುತ್ತದೆ?

ಸಂಜೆ ವಿದ್ಯುತ್ತನ್ನು ನಿಲ್ಲಿಸಿದೊಡನೆ ಗಣಕಯಂತ್ರದ ಚಾಲ್ತಿಸ್ಮೃತಿ ಬರಿದಾಗುತ್ತದೆ. ಆ ಕ್ಷಣದವರೆಗೆ ಅದು ಯಾವ ಜಾಲಕ್ಕೆ ಸೇರಿತ್ತು, ಅಲ್ಲಿ ಅದರ ವಿಳಾಸವೇನಿತ್ತು, ಹೊರಗಿನ ಜಗತ್ತಿಗೆ ಹೋಗಲು ಯಾವ ಬಾಗಿಲನ್ನು ತಟ್ಟುತ್ತಿತ್ತು ಎಂಬುದೆಲ್ಲವೂ ಅಳಿಸಿಹೋಗುತ್ತದೆ. ಆದರೂ ಮರುದಿನ ಬೆಳಿಗ್ಗೆ ಗುಂಡಿಯನ್ನೊತ್ತಿದರೆ ಅದೇ ಯಂತ್ರ ಅದೇ ವಿಳಾಸದೊಡನೆ ಎಚ್ಚರಗೊಳ್ಳುತ್ತದೆ. ಈ ನೆನಪು ಎಲ್ಲಿಂದ ಬಂದಿತೆಂದು ವಿದ್ಯಾರ್ಥಿಗಳನ್ನು ಕೇಳಿದರೆ ಬಹುಮಂದಿ ‘ಸೆಟ್ಟಿಂಗ್ಸ್‌ನಲ್ಲಿದೆ’ ಎನ್ನುತ್ತಾರೆ. ಸೆಟ್ಟಿಂಗ್ಸ್ ಎಂಬುದು ತೆರೆಯ ಮೇಲೆ ಕಾಣುವ ಕಿಟಕಿಯೇ ಹೊರತು ಉಗ್ರಾಣವಲ್ಲ. ಆ ಕಿಟಕಿಯ ಹಿಂದೇನಿದೆ ಎಂದು ನೋಡಲು ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳು ಅವಕಾಶವನ್ನೇ ಕೊಡುತ್ತಿಲ್ಲವೆಂಬುದು ನಮ್ಮ ಆಕ್ಷೇಪಣೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ಆರಂಭಿಸಿದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ, ಅದರ ಮಾದರಿಯಲ್ಲಿ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕೈಗೊಂಡ ಲಿನಕ್ಸ್‌ನಲ್ಲಿಯೂ ಈ ಪ್ರಶ್ನೆಗೆ ಬಹು ಸರಳವಾದ ಉತ್ತರವಿದೆ. ಯಂತ್ರದ ನೆನಪುಗಳು ‘ಇಟಿಸಿ’ ಎಂಬ ಕೋಶದೊಳಗೆ ಸಾಮಾನ್ಯ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳಲ್ಲಿರುತ್ತವೆ. ಯಂತ್ರ ಓದುವುದನ್ನೇ ಮನುಷ್ಯನೂ ಓದಬಹುದು. ಡೆಬಿಯನ್ ಎಂಬ ಲಿನಕ್ಸ್ ಪ್ರಭೇದದಲ್ಲಿ ಬಹುಕಾಲದಿಂದ ಬಂದಿರುವ ‘ಇಂಟರ್‌ಫೇಸಸ್’ ಕಡತವನ್ನು ತೆರೆದರೆ ಮುಖ್ಯವಾಗಿ ಕಾಣತಕ್ಕ ಸಾಲುಗಳು ಮೂರು. ವಿಳಾಸ 192.168.1.25 ಎಂದು ಒಂದು ಸಾಲು. ಮುಸುಕು, ಅಂದರೆ ನೆಟ್‌ಮಾಸ್ಕ್, 255.255.255.0 ಎಂದು ಇನ್ನೊಂದು; ಗೇಟ್‌ವೇ 192.168.1.1 ಎಂದು ಮತ್ತೊಂದು.

ಇವುಗಳಲ್ಲಿ ಮುಸುಕು ಎಂಬುದನ್ನು ಸ್ವಲ್ಪ ವಿವರಿಸಬೇಕು. ಈ ಬಗೆಯ ವಿಳಾಸದಲ್ಲಿ ಒಟ್ಟು 32 ಬಿಟ್ಟುಗಳಿವೆ. ಎಂಟೆಂಟರ ನಾಲ್ಕು ಗುಂಪು ಮಾಡಿ ನಾವು ಅವನ್ನು ದಶಮಾನದಲ್ಲಿ ಬರೆಯುತ್ತೇವೆ. ಮೊದಲ 24 ಬಿಟ್ಟುಗಳು ಜಾಲದವು, ಉಳಿದ 8 ಯಂತ್ರದವು ಎಂದು ಮೇಲಿನ ಮುಸುಕು ಹೇಳುತ್ತದೆ. ಪ್ರತಿಯೊಂದು ಪೊಟ್ಟಣವನ್ನು ಕಳುಹಿಸುವ ಮುನ್ನ ಯಂತ್ರವು ಈ ಮುಸುಕನ್ನು ಹಿಡಿದು, ಪಡೆಯತಕ್ಕವನು ನೆರೆಯವನೋ ಹೊರಗಿನವನೋ ಎಂದು ತೀರ್ಮಾನಿಸುತ್ತದೆ. ನೆರೆಯವನಾದರೆ ನೇರವಾಗಿ ಕೊಡುತ್ತದೆ. ಹೊರಗಿನವನಾದರೆ ಗೇಟ್‌ವೇಗೆ ಒಪ್ಪಿಸುತ್ತದೆ. ಯಾರಾದರೂ ಮುಸುಕನ್ನು 255.255.0.0 ಎಂದು ಬರೆದುಬಿಟ್ಟರೆ ಏನಾದೀತು? 192.168.2.10 ಎಂಬ ದೂರದ ಯಂತ್ರವೂ ಪಕ್ಕದ ಮನೆಯದೆಂದು ನಮ್ಮ ಯಂತ್ರ ಭಾವಿಸುತ್ತದೆ. ಗೇಟ್‌ವೇಯ ಗೊಡವೆಗೆ ಹೋಗದೆ ತನ್ನ ಜಾಲದಲ್ಲಿಯೇ ಅದನ್ನು ಕೂಗಿ ಕರೆಯುತ್ತದೆ. ಓಗೊಡುವವರು ಯಾರೂ ಇರುವುದಿಲ್ಲ.

ಭೌತಶಾಸ್ತ್ರವನ್ನು ಓದುವವರಿಗೆ ಈ ಏರ್ಪಾಡು ಹೊಸದಾಗಿ ತೋರಬಾರದು. ನ್ಯೂಟನ್ನನ ನಿಯಮಗಳು ಎಲ್ಲ ಗ್ರಹಗಳಿಗೂ ಒಂದೇ. ಆದರೆ ಒಂದು ಗ್ರಹದ ಪಥವನ್ನು ಗಣಿಸಬೇಕಾದರೆ ಅದರ ಆರಂಭದ ಸ್ಥಾನ, ವೇಗಗಳನ್ನು ಬೇರೆಯಾಗಿ ಕೊಡಬೇಕು. ಸಾವಿರ ಯಂತ್ರಗಳಲ್ಲಿ ನಡೆಯುವ ಕಾರ್ಯಕ್ರಮ ಒಂದೇ ಆಗಿದ್ದರೂ ಪ್ರತಿಯೊಂದಕ್ಕೂ ತನ್ನದೇ ಆದ ಆರಂಭಸ್ಥಿತಿಯೊಂದಿದೆ. ಅದನ್ನು ಕಡತದಲ್ಲಿ ಪ್ರತ್ಯೇಕವಾಗಿಡುತ್ತಾರೆ. ಆಜ್ಞೆಯೊಂದರಿಂದ ಚಾಲ್ತಿಸ್ಮೃತಿಯಲ್ಲಿನ ವಿಳಾಸವನ್ನು ಈ ಕ್ಷಣವೇ ಬದಲಾಯಿಸಬಹುದು; ಕಡತದಲ್ಲಿ ಬರೆಯದಿದ್ದರೆ ಆ ಬದಲಾವಣೆ ಮುಂದಿನ ಆರಂಭದವರೆಗೆ ಮಾತ್ರ ಬಾಳುತ್ತದೆ. ಈ ಎರಡರ ಭೇದವನ್ನು ತನ್ನ ಕೈಯಿಂದಲೇ ಮಾಡಿ ನೋಡಿದ ವಿದ್ಯಾರ್ಥಿ ಅದನ್ನು ಮರೆಯಲಾರನು.

ಇಂದು ಬಹುಪಾಲು ಯಂತ್ರಗಳ ಕಡತದಲ್ಲಿ ವಿಳಾಸವೇ ಇರುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅದು ನಿಜ. ‘ಡಿಎಚ್‌ಸಿಪಿ’ ಎಂಬೊಂದು ಪದ ಅಲ್ಲಿರುತ್ತದೆ. ಎದ್ದೊಡನೆ ಜಾಲದಲ್ಲಿ ವಿಚಾರಿಸಿ ವಿಳಾಸವನ್ನು ಪಡೆದುಕೊ ಎಂಬುದು ಅದರ ಅರ್ಥ. ಕೇಳಿ ಪಡೆಯಬೇಕೆಂಬ ಸೂಚನೆಯನ್ನೂ ಎಲ್ಲಿಯೋ ಬರೆದಿಡಬೇಕಷ್ಟೆ.

ಕಡತಗಳಿಗೆ ಸ್ವಾರಸ್ಯವಾದ ಇತಿಹಾಸವೂ ಇದೆ. ಅಂತರಜಾಲದ ಪೂರ್ವಜವಾದ ಅರ್ಪಾನೆಟ್ಟಿನಲ್ಲಿ ಯಂತ್ರಗಳ ಹೆಸರು ಮತ್ತು ವಿಳಾಸಗಳೆಲ್ಲ ‘ಹೋಸ್ಟ್ಸ್’ ಎಂಬ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ನೇತೃತ್ವದ ತಂಡ ಅದನ್ನು ತಿದ್ದಿ ಇಡುತ್ತಿತ್ತು. ಮಿಕ್ಕವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಈ ಕ್ರಮ ಕುಸಿಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಡಿಎನ್‌ಎಸ್ ಎಂಬ ಹಂಚಿದ ಹೆಸರುಪಟ್ಟಿಯ ಯೋಜನೆಯನ್ನು ಮುಂದಿಟ್ಟರು. ಆದರೆ ಆ ಹಳೆಯ ಕಡತ ಸಾಯಲಿಲ್ಲ. ಇಂದಿಗೂ ಲಿನಕ್ಸ್ ಯಂತ್ರ ಹೆಸರೊಂದನ್ನು ಹುಡುಕುವಾಗ ಸಾಮಾನ್ಯವಾಗಿ ಮೊದಲು ತನ್ನ ‘ಹೋಸ್ಟ್ಸ್’ ಕಡತವನ್ನು ನೋಡಿ, ಅಲ್ಲಿ ದೊರೆಯದಿದ್ದರೆ ಮಾತ್ರ ಹೊರಗೆ ಕೇಳುತ್ತದೆ. ವಿಂಡೋಸ್‌ನಲ್ಲಿಯೂ ‘ಡ್ರೈವರ್ಸ್’ ಕೋಶದ ಒಳಗೆ ‘ಇಟಿಸಿ’ ಎಂಬ ಹೆಸರಿನಲ್ಲಿಯೇ ಆ ಕಡತ ಅಡಗಿ ಕುಳಿತಿದೆ. ವಂಶದ ಗುರುತು ಎಂದರೆ ಹೀಗೆ!

ಮಿಕ್ಕ ವಿಷಯಗಳಲ್ಲಿ ವಿಂಡೋಸ್ ಬೇರೆ ದಾರಿ ಹಿಡಿಯಿತು. 1995ರ ಆವೃತ್ತಿಯಿಂದ ಸಾಮಾನ್ಯ ಬಳಕೆದಾರರ ಯಂತ್ರಗಳಲ್ಲಿಯೂ ಜಾಲದ ವಿವರಗಳು ರಿಜಿಸ್ಟ್ರಿ ಎಂಬ ದೊಡ್ಡ ಭಂಡಾರಕ್ಕೆ ಸೇರಿದವು. ಅದನ್ನು ಸಾಮಾನ್ಯ ಬರಹದಂತೆ ತೆರೆದು ಓದಲಾಗದು. ವಿಶೇಷ ಸಾಧನ ಬೇಕು. ಚದುರಿಹೋಗಿದ್ದ ನೂರಾರು ಕಡತಗಳನ್ನು ಒಂದೆಡೆ ಸೇರಿಸುವ ಉದ್ದೇಶ ಅಲ್ಲಿತ್ತೆಂಬುದನ್ನು ಒಪ್ಪಲೇಬೇಕು. ಲಿನಕ್ಸ್ ಪಂಥದವರು ಹೆಮ್ಮೆಪಡುವುದಕ್ಕೂ ಇಲ್ಲಿ ಹೆಚ್ಚಿನ ಆಸ್ಪದವಿಲ್ಲ. ಅಲ್ಲಿ ಡೆಬಿಯನ್ನಿಗೆ ಒಂದು ಕಡತ, ರೆಡ್ ಹ್ಯಾಟ್‌ಗೆ ಇನ್ನೊಂದು, 2017ರಿಂದ ಉಬುಂಟುವಿಗೆ ನೆಟ್‌ಪ್ಲಾನ್ ಎಂಬ ಮತ್ತೊಂದು; ಅದರಲ್ಲಂತೂ ಸಾಲಿನ ಆರಂಭದ ಖಾಲಿ ಜಾಗ ತಪ್ಪಿದರೂ ಯಂತ್ರ ಒಪ್ಪುವುದಿಲ್ಲ. ಹೆಸರು ಹುಡುಕುವ ‘ರಿಸಾಲ್ವ್’ ಕಡತವನ್ನು ಅನೇಕ ಯಂತ್ರಗಳಲ್ಲಿ ಬೇರೊಂದು ಕಾರ್ಯಕ್ರಮವೇ ಬರೆಯುತ್ತದೆ. ಇದನ್ನು ಕೈಯಿಂದ ತಿದ್ದಬೇಡಿ ಎಂಬ ಎಚ್ಚರಿಕೆ ಅದರ ನೆತ್ತಿಯ ಮೇಲಿರುತ್ತದೆ. ಆದರೂ ಅದನ್ನು ಓದಬಹುದು, ಯಾರು ಬರೆದರೆಂದು ತಿಳಿಯಬಹುದು. ನಾವು ಬೇಡುವುದು ಅಷ್ಟನ್ನೇ.

ನಾವು ಬಲ್ಲ ಒಂದು ಕಾಲೇಜಿನಲ್ಲಿ ಹಳೆಯ ರೌಟರನ್ನು ತೆಗೆದು ಹೊಸದನ್ನು ಇಟ್ಟರು. ಹೊಸದರ ವಿಳಾಸ 192.168.1.254. ಪ್ರಯೋಗಶಾಲೆಯ ಮೂವತ್ತು ಯಂತ್ರಗಳ ಕಡತಗಳಲ್ಲಿ ಮಾತ್ರ ಹಿಂದಿನ ಗೇಟ್‌ವೇಯೇ ಉಳಿದಿತ್ತು. ಯಂತ್ರಗಳು ಪರಸ್ಪರ ಮಾತನಾಡುತ್ತಿದ್ದವು, ಹೊರಜಗತ್ತು ಮೂಕವಾಗಿತ್ತು. ಮೇಲಿನ ಮೂರು ಸಾಲುಗಳ ಅರ್ಥ ಬಲ್ಲವನಿಗೆ ಈ ಲಕ್ಷಣವೊಂದೇ ಸಾಕು, ದೋಷ ಮೂರನೆಯ ಸಾಲಿನಲ್ಲಿದೆ ಎಂದು ಶಂಕಿಸುವುದಕ್ಕೆ. ಆದರೆ ತಂತ್ರಜ್ಞ ಬರುವವರೆಗೆ ಎರಡು ದಿನ ತರಗತಿಗಳು ನಿಂತವು. ಅಲ್ಲಿದ್ದ ವಿದ್ಯಾರ್ಥಿಗಳು ದಡ್ಡರೇನಲ್ಲ. ಯಾವ ಗುಂಡಿಯಾದ ಮೇಲೆ ಯಾವ ಗುಂಡಿಯನ್ನು ಒತ್ತಬೇಕೆಂದು ರೆಕಾರ್ಡು ಪುಸ್ತಕದಲ್ಲಿ ಅಂದವಾಗಿ ಬರೆದು ಅಂಕ ಪಡೆದವರೇ. ಹೊಸ ಆವೃತ್ತಿಯಲ್ಲಿ ಆ ಗುಂಡಿಗಳು ಸ್ಥಳ ಬದಲಿಸಿದ್ದವು.

ವಿದ್ಯಾರ್ಥಿಗಳ ಕೈಗೆ ಕಡತ ಕೊಟ್ಟರೆ ಯಂತ್ರ ಕೆಡಿಸುತ್ತಾರೆಂಬ ಭಯ ಅನೇಕ ಅಧ್ಯಾಪಕರಲ್ಲಿದೆ. ಕೆಡಿಸಲಿ, ಲೆನ್ಸನ್ನು ಒಡೆಯುವುದಕ್ಕಿಂತ ಇದು ಅಗ್ಗ. ತಿದ್ದುವ ಮೊದಲು ಕಡತದ ಪ್ರತಿಯೊಂದನ್ನು ಇಟ್ಟುಕೊಂಡರೆ ಮೊದಲ ಸ್ಥಿತಿಗೆ ಮರಳಲು ಅರ್ಧ ನಿಮಿಷ ಸಾಕು. ನೆಟ್‌ಪ್ಲಾನ್‌ನಲ್ಲಿಯಂತೂ ‘ಟ್ರೈ’ ಎಂಬ ಆಜ್ಞೆಯಿದೆ: 120 ಸೆಕೆಂಡುಗಳೊಳಗೆ ನಾವು ಒಪ್ಪಿಗೆ ಕೊಡದಿದ್ದರೆ ಹಳೆಯ ಏರ್ಪಾಡನ್ನೇ ಅದು ಮತ್ತೆ ಜಾರಿಗೆ ತರುತ್ತದೆ. ವರ್ಷಕ್ಕೆ ಎರಡು ಅವಧಿಗಳನ್ನು ಈ ಕೆಲಸಕ್ಕೆ ಮೀಸಲಿಟ್ಟು, ಒಂದರಲ್ಲಿ ಕಡತವನ್ನು ಓದಿಸಿ, ಇನ್ನೊಂದರಲ್ಲಿ ಬೇಕೆಂದೇ ಒಂದು ಅಂಕಿಯನ್ನು ತಪ್ಪು ಬರೆದುಕೊಟ್ಟು ಹುಡುಕಿಸಬೇಕೆಂಬುದು ನಮ್ಮ ಸಲಹೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನೆಟ್‌ವರ್ಕ್‌ಮ್ಯಾನೇಜರ್ ಬಳಸುವ ಯಂತ್ರಗಳಲ್ಲಿ ವೈಫೈಯ ಗುಪ್ತಪದವೂ ಎಷ್ಟೋ ವೇಳೆ ಇಂಥದೇ ಕಡತದಲ್ಲಿ ಬಿಚ್ಚಕ್ಷರಗಳಲ್ಲಿರುತ್ತದೆ. ಯಂತ್ರದ ಮುಖ್ಯ ಅಧಿಕಾರಿಯ ಹೊರತು ಇತರರು ಅದನ್ನು ಓದಲಾಗದಂತೆ ಅನುಮತಿಗಳನ್ನು ಬಿಗಿಮಾಡಿರುತ್ತಾರೆ. ಆದಕಾರಣ ಪ್ರಯೋಗದ ಕಡತವನ್ನು ಗೆಳೆಯರಿಗೆ ಕಳುಹಿಸುವ ಮೊದಲು ಆ ಸಾಲನ್ನು ಅಳಿಸತಕ್ಕದ್ದು.